ಪೊರೆಯೆಂದು ಕಾದು ಕುಳಿತ ಕಣ್ಣುಗಳು

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ ಹೋಬಳಿಯಲ್ಲಿ ತೆಂಗು, ಅಡಿಕೆ ಹಾಗೂ ಒಂದಿಷ್ಟು ರಾಗಿ ಹೊಲವನ್ನು ನೆಚ್ಚಿ ಬದುಕಿದ ಹಿರಿಯರೊಬ್ಬರು ನನಗೆ ಬಹುಕಾಲದಿಂದ ಪರಿಚಿತರು. ಅವರ ಹೆಸರು ಇಲ್ಲಿ ಬೇಡ. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದವರು. ಊಟದಲ್ಲಿ ಮುದ್ದೆಯ ಗಾತ್ರವನ್ನು ಕಿರಿದಾಗಿಸಿದ್ದರು, ಕಾಫಿಗೆ ಬೆಲ್ಲ ಬಿಟ್ಟಿದ್ದರು. ಒಂದು ವರ್ಷ ಅವರು ತುಮಕೂರಿನ ಕನ್ನಡಕದ ಅಂಗಡಿಗೆ ಮೂರು ಬಾರಿ ಹೋಗಿ ಮೂರು ಬಾರಿಯೂ ಗಾಜು ಬದಲಿಸಿಕೊಂಡು ಬಂದರು. ನಡುವೆ ಕೆಲವು ವಾರ ಕನ್ನಡಕವಿಲ್ಲದೆಯೇ ಪತ್ರಿಕೆಯ ಸಣ್ಣ ಅಕ್ಷರಗಳನ್ನು ಓದುವಂತಾಯಿತೆಂದು ಮಗುವಿನಂತೆ ಹಿಗ್ಗಿದ್ದೂ ಉಂಟು. ಮತ್ತೆ ಮಸುಕು. ಮನೆಯವರು, ನೆರೆಹೊರೆಯವರು, ಅಂಗಡಿಯವರು ಎಲ್ಲರೂ ಒಂದೇ ಮಾತು ಹೇಳಿದರು: “ಪೊರೆ ಬರ್ತಾ ಇದೆ, ಹಣ್ಣಾಗಲಿ, ಆಮೇಲೆ ತೆಗೆಸಿದರಾಯಿತು.”

ಅವರು ಕಾದರು. ಒಂದು ಮುಂಜಾನೆ ತೋಟಕ್ಕೆ ಹೊರಟಾಗ ಬಲಗಣ್ಣಿನ ಮುಂದೆ ಮಸಿ ಚೆಲ್ಲಿದಂತೆ ಕಪ್ಪು ಎಳೆಗಳು ಇಳಿಯತೊಡಗಿದವು. ಸಂಜೆಯ ಹೊತ್ತಿಗೆ ಆ ಕಣ್ಣಿಗೆ ಬೆಳಕಿನ ಅರಿವು ಮಾತ್ರ ಉಳಿದಿತ್ತು. ಬೆಂಗಳೂರಿನಲ್ಲಿ ಪರೀಕ್ಷಿಸಿದ ನೇತ್ರತಜ್ಞರು ಪೊರೆಯ ಮಾತನ್ನೇ ಎತ್ತಲಿಲ್ಲ. ಅಕ್ಷಿಪಟಲದಲ್ಲಿ ಹೊಸದಾಗಿ ಬೆಳೆದ ದುರ್ಬಲ ರಕ್ತನಾಳವೊಂದು ಒಡೆದು ಕಣ್ಣುಗುಡ್ಡೆಯೊಳಗೆ ರಕ್ತ ತುಂಬಿತ್ತು. ಅದರ ಹಿಂದೆ ಅಕ್ಷಿಪಟಲವೇ ಎಳೆಯಲ್ಪಟ್ಟು ಕಿತ್ತುಬಂದಿತ್ತು. ಎಡಗಣ್ಣಿನಲ್ಲಿಯೂ ಅಂತಹುದೇ ನಾಳಗಳು ಹುಟ್ಟಿಕೊಂಡಿದ್ದವು, ಆದರೆ ಇನ್ನೂ ಒಡೆದಿರಲಿಲ್ಲ. ಆ ಕಣ್ಣನ್ನು ಲೇಸರ್ ಕಿರಣ ಉಳಿಸಿತು.

“ಸಕ್ಕರೆ ಡಾಕ್ಟ್ರು ರಕ್ತ ನೋಡಿದ್ರು, ಕಾಲು ನೋಡಿದ್ರು, ಕಣ್ಣು ತೋರಿಸು ಅಂತ ಮಾತ್ರ ಯಾರೂ ಹೇಳ್ಲಿಲ್ಲ ಸ್ವಾಮಿ” ಎಂದು ಅವರು ನನ್ನೊಡನೆ ಹೇಳಿದಾಗ ಆ ಧ್ವನಿಯಲ್ಲಿ ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಾಗಿತ್ತು. ಈ ಲೇಖನಕ್ಕೆ ಕಾರಣವಾದದ್ದು ಆ ಅಚ್ಚರಿ.

ಕಣ್ಣಿನ ಕಾಯಿಲೆ ಎಂದೊಡನೆ ನಮ್ಮ ಹಳ್ಳಿಗಳಲ್ಲಿ ಪೊರೆಯೊಂದೇ ನೆನಪಾಗುವುದಕ್ಕೆ ಒಂದು ಗೌರವದ ಇತಿಹಾಸವೂ ಇದೆ. ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಶಿಬಿರಗಳನ್ನು ಕೊಂಡೊಯ್ದು, ಶಾಲೆಯ ಕೊಠಡಿ, ಛತ್ರ, ಚಪ್ಪರಗಳಲ್ಲಿಯೇ ಸಾಲುಸಾಲಾಗಿ ಮಲಗಿದ ಬಡವರ ಪೊರೆ ತೆಗೆದರು. ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆ ನಡೆಸಿದ ದಾಖಲೆ ಗಿನ್ನೆಸ್ ಪುಸ್ತಕದಲ್ಲಿ ಸೇರಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರನ್ನು ಅರಸಿಕೊಂಡು ಬಂದವು. ಜನರು ಮಾತ್ರ ‘ಕಣ್ಣು ಕೊಟ್ಟ ಅಣ್ಣ’ ಎಂದು ಕರೆದು ತಮ್ಮದೇ ಬಿರುದನ್ನು ಕೊಟ್ಟರು. 2005ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ, ಮುದುಕರಾದ ಮೇಲೆ ಕುರುಡಾಗುವುದು ಹಣೆಬರಹ ಎಂಬ ನಂಬಿಕೆ ಕನ್ನಡ ನಾಡಿನಲ್ಲಿ ಬಹುಮಟ್ಟಿಗೆ ಅಳಿದಿತ್ತು. ಇದು ಸಣ್ಣ ಸಾಧನೆಯಲ್ಲ.

ಆದರೆ ಪೊರೆ ಒಂದು ವಿಧದಲ್ಲಿ ಸೌಮ್ಯ ಸ್ವಭಾವದ ರೋಗ. ಮಸೂರ ಮಬ್ಬಾಗುತ್ತದೆ, ಅಂಗಳದ ಬೆಳಕಿನಲ್ಲಿ ಟಾರ್ಚ್ ಹಿಡಿದರೂ ಬೆಳ್ಳಗೆ ಕಾಣುತ್ತದೆ, ತಡವಾಗಿ ತೆಗೆಸಿದರೂ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಈ ಅನುಭವದಿಂದಲೇ ‘ಕಾಯಬಹುದು’ ಎಂಬ ಅಭ್ಯಾಸ ಬೆಳೆದುಬಂದಿತು. ಮಧುಮೇಹದಿಂದ ಅಕ್ಷಿಪಟಲಕ್ಕೆ ಒದಗುವ ಹಾನಿ, ಗ್ಲಾಕೋಮಾದಿಂದ ದೃಷ್ಟಿನರ ಸಾಯುವುದು ಇವೆರಡೂ ಕಾಯುವವರಿಗೆ ಕರುಣೆ ತೋರುವುದಿಲ್ಲ. ಅವು ಟಾರ್ಚಿನ ಬೆಳಕಿಗೆ ಕಾಣಸಿಗುವುದೂ ಇಲ್ಲ. ಹಣ್ಣಾಗುವ ತನಕ ಕಾಯಬೇಕೆಂಬ ಮಾತು ಇಂದು ಪೊರೆಗೂ ಹೊಂದುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬಲಿತು ಗಟ್ಟಿಯಾದ ಪೊರೆಯನ್ನು ತೆಗೆಯುವುದೇ ಈಗ ಹೆಚ್ಚು ಕಷ್ಟ.

ವೈದ್ಯರು ಕಣ್ಣಿನೊಳಗೆ ನೋಡಲು ಕಲಿತದ್ದು ಯಾವಾಗ? 1851ರಲ್ಲಿ. ಜರ್ಮನಿಯ ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಆಫ್ತಾಲ್ಮೋಸ್ಕೋಪ್ ಎಂಬ ಉಪಕರಣವನ್ನು ಪ್ರಕಟಿಸಿದ ವರ್ಷ ಅದು. ಅದುವರೆಗೆ ಪಾಪೆಯ ಹಿಂದಿನದೆಲ್ಲವೂ ಬರಿಯ ಕತ್ತಲೆ. ನೋಡುವವನ ತಲೆಯೇ ಬೆಳಕಿಗೆ ಅಡ್ಡವಾಗುತ್ತಿದ್ದುದು ಅದಕ್ಕೆ ಕಾರಣ. ಆತ ಗಾಜಿನ ತೆಳು ಫಲಕಗಳಿಂದ ಬೆಳಕನ್ನು ಬಾಗಿಸಿ, ತಾನು ನೋಡುವ ದಾರಿಯಲ್ಲಿಯೇ ಒಳಕ್ಕೆ ಕಳುಹಿಸಿದ. ಕಿತ್ತಳೆಗೆಂಪು ಹಿನ್ನೆಲೆಯ ಮೇಲೆ ಕವಲೊಡೆದ ರಕ್ತನಾಳಗಳು, ನಡುವೆ ಹುಣ್ಣಿಮೆ ಚಂದ್ರನಂತೆ ದೃಷ್ಟಿನರದ ತುದಿ ಎಲ್ಲವೂ ಕಂಡವು. ಇಡೀ ದೇಹದಲ್ಲಿ ಕತ್ತರಿ ತಾಗಿಸದೆ ರಕ್ತನಾಳಗಳನ್ನೂ ಮಿದುಳಿನಿಂದ ಬಂದ ನರವನ್ನೂ ನೇರವಾಗಿ ನೋಡಬಹುದಾದ ಜಾಗ ಅದೊಂದೇ. ಮೂತ್ರಪಿಂಡದ ಒಳಗಿನ ಸೂಕ್ಷ್ಮನಾಳಗಳಿಗೆ ಏನಾಗುತ್ತಿದೆ ಎಂಬುದನ್ನು ನಾವು ಕಣ್ಣಾರೆ ಕಾಣಲಾರೆವು. ಆದರೆ ಅದೇ ರಕ್ತ, ಅದೇ ಸಕ್ಕರೆ, ಅದೇ ಒತ್ತಡ ಹರಿಯುವ ಅಕ್ಷಿಪಟಲದ ನಾಳಗಳನ್ನು ಕಾಣಬಹುದು. ಆದುದರಿಂದಲೇ ಬಲ್ಲ ನೇತ್ರತಜ್ಞರು ಕಣ್ಣನ್ನು ನೋಡಿದ ಬಳಿಕ “ಮೂತ್ರ ಪರೀಕ್ಷೆ ಮಾಡಿಸಿದ್ದೀರಾ?” ಎಂದು ಕೇಳುವುದು.

ಸಕ್ಕರೆ ಕಾಯಿಲೆಯ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ರಕ್ತದಲ್ಲಿ ಸಕ್ಕರೆಯ ಪ್ರಮಾಣ ಏರಿದಾಗ ಮಸೂರ ನೀರು ಕುಡಿದು ಉಬ್ಬುತ್ತದೆ, ಇಳಿದಾಗ ಮತ್ತೆ ಕುಗ್ಗುತ್ತದೆ. ಕನ್ನಡಕದ ನಂಬರು ಹಿಂದೆಮುಂದೆ ಓಡಾಡುವುದು ಈ ಕಾರಣಕ್ಕೆ. ನಮ್ಮ ಹಿರಿಯರು ಕೆಲವು ವಾರ ಕನ್ನಡಕವಿಲ್ಲದೆ ಓದಿದ್ದು ಕಣ್ಣು ಚಿಗುರಿದ್ದರಿಂದಲ್ಲ, ಸಕ್ಕರೆ ಮೇಲೇರಿದ್ದರಿಂದ. ಕಡಿಮೆ ಅವಧಿಯಲ್ಲಿ ನಂಬರು ಬದಲಾದರೆ ಹೊಸ ಕನ್ನಡಕಕ್ಕೆ ಹಣ ಕೊಡುವ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಜಾಣತನ. ಎಷ್ಟೋ ಮಂದಿಗೆ ತಮಗೆ ಮಧುಮೇಹವಿದೆಯೆಂದು ಮೊದಲು ತಿಳಿಯುವುದೇ ಕಣ್ಣಿನ ವೈದ್ಯರ ಕೋಣೆಯಲ್ಲಿ.

ಇದು ಮೇಲ್ನೋಟದ ತೊಂದರೆ. ಆಳದ ಹಾನಿ ಸದ್ದಿಲ್ಲದೆ ಸಾಗುತ್ತದೆ. ಅಕ್ಷಿಪಟಲದ ಅತಿ ಸಣ್ಣ ನಾಳಗಳ ಗೋಡೆ ಸಡಿಲಗೊಂಡು ಅಲ್ಲಲ್ಲಿ ಸಾಸಿವೆಗಿಂತಲೂ ಚಿಕ್ಕ ಗುಳ್ಳೆಗಳೇಳುತ್ತವೆ. ಅವುಗಳಿಂದ ರಕ್ತವೂ ಕೊಬ್ಬಿನಂಶವೂ ಜಿನುಗುತ್ತವೆ. ನೋಟದ ಕೇಂದ್ರವಾದ ಮ್ಯಾಕ್ಯುಲಾದಲ್ಲಿ ನೀರು ನಿಂತರೆ ಅಕ್ಷರಗಳು ಅಂಕುಡೊಂಕಾಗುತ್ತವೆ. ಕೆಲವು ನಾಳಗಳು ಮುಚ್ಚಿಹೋದಾಗ ಉಸಿರುಗಟ್ಟಿದ ಅಕ್ಷಿಪಟಲ ಹೊಸ ನಾಳಗಳನ್ನು ಬೇಡುತ್ತದೆ. ಹಾಗೆ ಹುಟ್ಟುವ ನಾಳಗಳು ಮಳೆಗಾಲದ ಅಣಬೆಯಂತೆ ಬೇಗ ಬೆಳೆಯುತ್ತವೆ, ಮುಟ್ಟಿದರೆ ಒಡೆಯುತ್ತವೆ. ಇಷ್ಟೆಲ್ಲ ನಡೆಯುವಾಗಲೂ ನೋವಿಲ್ಲ, ಕೆಂಪಿಲ್ಲ, ಬಹುತೇಕ ಸಂದರ್ಭಗಳಲ್ಲಿ ದೃಷ್ಟಿಯೂ ಚೆನ್ನಾಗಿಯೇ ಇರುತ್ತದೆ. ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರವನ್ನು ಓದಿದವನ ಕಣ್ಣಿನಲ್ಲಿಯೂ ಅಪಾಯದ ನಾಳಗಳಿರಬಹುದು. ಅಕ್ಷರ ಓದಿಸುವ ಪರೀಕ್ಷೆ ಅಕ್ಷಿಪಟಲದ ಪರೀಕ್ಷೆಯಲ್ಲವೆಂದು ಇನ್ನೂ ಎಷ್ಟು ಬಾರಿ ಹೇಳಬೇಕೋ ತಿಳಿಯದು.

ಕೇಂದ್ರ ಸರ್ಕಾರ 2015ರಿಂದ 2019ರವರೆಗೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ವರ್ಷ ಮುಟ್ಟಿದವರ ಪೈಕಿ ಶೇಕಡ 11.8 ಮಂದಿಗೆ ಮಧುಮೇಹವಿತ್ತು. ಅವರಲ್ಲಿ ಶೇಕಡ 16.9 ಮಂದಿಯ ಅಕ್ಷಿಪಟಲಕ್ಕೆ ಹಾನಿ ತಟ್ಟಿತ್ತು, ಶೇಕಡ 3.6 ಮಂದಿಯಲ್ಲಿ ಅದು ದೃಷ್ಟಿಯನ್ನೇ ಕಸಿಯುವ ಹಂತದಲ್ಲಿತ್ತು. ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜಿಸಿತು. ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಸಿ.ಎಸ್. ಪುರದಂತಹ ಒಂದೊಂದು ಹೋಬಳಿಯಲ್ಲಿಯೂ ಆ ಹಿರಿಯರಂತಹವರು ಒಬ್ಬಿಬ್ಬರಲ್ಲ ಎಂಬುದು ಹೊಳೆಯುತ್ತದೆ.

ಹಾಗಾದರೆ ಯಾವಾಗ ತೋರಿಸಬೇಕು? ವಯಸ್ಕರಲ್ಲಿ ಕಾಣಿಸಿಕೊಳ್ಳುವ ಸಾಮಾನ್ಯ ಮಧುಮೇಹವಾದರೆ, ಕಾಯಿಲೆ ಪತ್ತೆಯಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಎಷ್ಟು ವರ್ಷಗಳಿಂದ ಅದು ಗುಪ್ತವಾಗಿತ್ತೋ ಯಾರಿಗೂ ತಿಳಿದಿರುವುದಿಲ್ಲವಾದ್ದರಿಂದ ಈ ಅವಸರ. ಬಾಲ್ಯದಲ್ಲಿ ಬರುವ, ಇನ್ಸುಲಿನ್ ಇಲ್ಲದೆ ಬದುಕಲಾಗದ ಬಗೆಯಲ್ಲಿ ಐದು ವರ್ಷಗಳ ನಂತರ ಪರೀಕ್ಷೆ ಆರಂಭಿಸಿದರೆ ಸಾಕು. ಮೊದಲೇ ಮಧುಮೇಹವಿದ್ದ ಹೆಣ್ಣುಮಗಳು ಗರ್ಭಿಣಿಯಾದರೆ ಮಾತ್ರ ವರ್ಷದ ಲೆಕ್ಕ ಸಲ್ಲದು. ಮೊದಲ ಮೂರು ತಿಂಗಳಲ್ಲಿಯೇ ತೋರಿಸಿ, ಹೆರಿಗೆಯವರೆಗೆ ತಜ್ಞರ ಕಣ್ಗಾವಲಿನಲ್ಲಿರಬೇಕು.

ಪರೀಕ್ಷೆಯ ದಿನ ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ. ಕೆಲವು ಗಂಟೆಗಳ ಕಾಲ ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಕಾಣುವುದಿಲ್ಲ. ಆದುದರಿಂದ ಜೊತೆಗೊಬ್ಬರಿರಲಿ, ಬೈಕು ಓಡಿಸಿಕೊಂಡು ಹೋಗುವುದು ಬೇಡ, ತಂಪು ಕನ್ನಡಕವಿದ್ದರೆ ಒಯ್ಯಿರಿ. ಈ ಸಣ್ಣ ಕಿರಿಕಿರಿಗೆ ಹೆದರಿ “ಹನಿ ಬೇಡ, ಹಾಗೇ ನೋಡಿ” ಎನ್ನುವವರಿದ್ದಾರೆ. ಬಾಗಿಲ ಸಂದಿಯಿಂದ ಮನೆಯ ಒಳಗೆಲ್ಲ ನೋಡಿರೆಂದು ಕೇಳಿದಂತಾಯಿತು.

ಚಿಕಿತ್ಸೆ ಈಗ ಬಹಳ ಮುಂದುವರಿದಿದೆ. ಲೇಸರ್ ಕಿರಣದಿಂದ ಅಂಚಿನ ಅಕ್ಷಿಪಟಲವನ್ನು ಅಲ್ಲಲ್ಲಿ ಸುಟ್ಟು ಹೊಸ ನಾಳಗಳ ಹುಟ್ಟಡಗಿಸುವ ಕ್ರಮ ತೀವ್ರ ದೃಷ್ಟಿನಾಶವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆಂದು 1976ರಲ್ಲಿಯೇ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತ್ತು. 1991ರಲ್ಲಿ ಜಗತ್ತಿಗೆ ಪರಿಚಯವಾದ ಓ.ಸಿ.ಟಿ. ಯಂತ್ರ ಅಕ್ಷಿಪಟಲದ ಪದರಗಳನ್ನು ಈರುಳ್ಳಿಯ ಸಿಪ್ಪೆಗಳಂತೆ ಬಿಡಿಬಿಡಿಯಾಗಿ ತೋರಿಸಿ, ನೀರು ಎಲ್ಲಿ ನಿಂತಿದೆ ಎಂಬುದನ್ನು ನಿಮಿಷಗಳಲ್ಲಿ ಅಳೆದುಕೊಡುತ್ತದೆ. ದೊಡ್ಡ ಕರುಳಿನ ಕ್ಯಾನ್ಸರಿಗೆಂದು 2004ರಲ್ಲಿ ಬಂದ ಬೆವಾಸಿಜುಮ್ಯಾಬ್ ಎಂಬ ಔಷಧಿಯನ್ನು ಮರುವರ್ಷದಿಂದಲೇ ಅತ್ಯಲ್ಪ ಪ್ರಮಾಣದಲ್ಲಿ ಕಣ್ಣಿಗೆ ಚುಚ್ಚಿ ಆ ಊತವನ್ನು ಇಳಿಸತೊಡಗಿದರು. ಆದರೆ ಲೇಸರ್ ಇರುವ ದೃಷ್ಟಿಯನ್ನು ಕಾಯುತ್ತದೆಯೇ ಹೊರತು ಹೋದದ್ದನ್ನು ಸಾಮಾನ್ಯವಾಗಿ ತರುವುದಿಲ್ಲ. ಚುಚ್ಚುಮದ್ದು ಮತ್ತೆ ಮತ್ತೆ ಬೇಕಾಗುತ್ತದೆ. ದೂರದ ಊರಿನವರು ಎರಡನೆಯ ಚುಚ್ಚುಮದ್ದಿಗೆ ಬಾರದೆ ಉಳಿಯುವುದು ಔಷಧಿಯ ಬೆಲೆಯಿಂದ ಮಾತ್ರವಲ್ಲ; ಒಂದು ದಿನದ ಕೂಲಿ, ಇಬ್ಬರ ಪ್ರಯಾಣ, ಮನೆಯಲ್ಲಿ ಹಸು ಕರೆಯುವವರಿಲ್ಲ, ಹೀಗೆ ಕಾರಣಗಳು ಹಲವು.

ರಕ್ತದೊತ್ತಡದ ವಿಷಯ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಒತ್ತಡವನ್ನು ಬಿಗಿಯಾಗಿ ಹಿಡಿದಿಟ್ಟರೆ ಮಧುಮೇಹಿಗಳ ಅಕ್ಷಿಪಟಲದ ಹಾನಿ ಮುಂದುವರಿಯುವುದು ಸುಮಾರು ಮೂರರಲ್ಲೊಂದು ಪಾಲು ತಗ್ಗುತ್ತದೆಂದು 1998ರಲ್ಲಿ ಬ್ರಿಟನ್ನಿನ ಅಧ್ಯಯನ ಹೇಳಿತು. ಬೆಳಿಗ್ಗೆ ಎದ್ದಾಗ ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾಗಿದ್ದರೆ ಅಕ್ಷಿಪಟಲದ ಅಭಿಧಮನಿ ಕಟ್ಟಿಕೊಂಡಿರುವ ಸಂಭವವಿರುತ್ತದೆ. ಪರದೆ ಇಳಿದಂತೆ ಒಂದು ಕಣ್ಣು ಕತ್ತಲಾಗಿ ಐದು ಹತ್ತು ನಿಮಿಷಗಳಲ್ಲಿ ಸರಿಹೋದರೆ ಬಹಳ ಮಂದಿ ನಿಟ್ಟುಸಿರುಬಿಟ್ಟು ಸುಮ್ಮನಾಗುತ್ತಾರೆ. ಕತ್ತಿನ ರಕ್ತನಾಳದಿಂದ ಬಂದ ಹೆಪ್ಪಿನ ಚೂರೊಂದು ದಾಟಿಹೋದ ಗುರುತು ಅದಾಗಿರಬಹುದು. ಮುಂದಿನದು ಮಿದುಳಿಗೇ ಹೋದರೆ ಪಾರ್ಶ್ವವಾಯು. ಅಂತಹವರು ಅಂದೇ ಆಸ್ಪತ್ರೆ ಸೇರಬೇಕು. ತುಂಬು ಬಸುರಿಗೆ ಕಾಲು ಬಾತು, ತಲೆ ಸಿಡಿದು, ಕಣ್ಣಿನ ಮುಂದೆ ಮಿಂಚು ಹುಳುಗಳು ಕಂಡರೆ ಅದು ಆಯಾಸವಲ್ಲ. ತಾಯಿ ಮಗು ಇಬ್ಬರ ಪ್ರಾಣಕ್ಕೂ ಸಂಚಕಾರ ತರುವ ರಕ್ತದೊತ್ತಡದ ಮುನ್ಸೂಚನೆ.

ಕೆಂಪು ಕಣ್ಣುಗಳೆಲ್ಲ ಕಣ್ಣುಬೇನೆಯಲ್ಲ. ಇಪ್ಪತ್ತೈದು ಮೂವತ್ತರ ಯುವಕನಿಗೆ ಮುಂಜಾನೆ ಸೊಂಟ ಹಿಡಿದುಕೊಳ್ಳುತ್ತದೆ, ನಡೆದಾಡಿದರೆ ಸಡಿಲವಾಗುತ್ತದೆ. ನಡುನಡುವೆ ಒಂದೇ ಕಣ್ಣು ಕೆಂಪಾಗಿ ಬೆಳಕು ಸೇರದಂತಾಗುತ್ತದೆ, ಪಿಚ್ಚು ಮಾತ್ರ ಇರುವುದಿಲ್ಲ. ಬೆನ್ನುಮೂಳೆಯ ಸಂಧಿಗಳ ಉರಿಯೂತ ಕಣ್ಣಿನ ಒಳಪದರಕ್ಕೂ ತಟ್ಟಿದಾಗ ಹೀಗಾಗುತ್ತದೆ. ಕ್ಷಯ, ಸಿಫಿಲಿಸ್ ಮೊದಲಾದವುಗಳೂ ಇದೇ ವೇಷದಲ್ಲಿ ಬರುವುದುಂಟು. ನಮ್ಮಲ್ಲಿ ಆಗುವುದೇನು? ನಂದಿಬಟ್ಟಲು ಹೂವಿನ ರಸ, ಇಲ್ಲವೆ ಎದೆಹಾಲು. ಅದಕ್ಕೂ ಬಗ್ಗದಿದ್ದರೆ ಔಷಧಿ ಅಂಗಡಿಯಿಂದ ಕೇಳಿ ತಂದ ಹನಿ. ಆ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಎರಡೇ ದಿನಗಳಲ್ಲಿ ಮಾಯವಾಗುತ್ತದೆ, ಜನರಿಗೆ ನಂಬಿಕೆಯೂ ಹುಟ್ಟುತ್ತದೆ. ತಿಂಗಳುಗಟ್ಟಲೆ ಅದನ್ನೇ ಬಿಟ್ಟುಕೊಂಡವರಲ್ಲಿ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರುತ್ತದೆ, ಪೊರೆಯೂ ಬೇಗ ಬರುತ್ತದೆ. ತೆಂಗಿನ ಗರಿ, ಭತ್ತದ ಹೊಟ್ಟು ತಾಗಿ ಗಾಯವಾದ ಕಣ್ಣಿಗೆ ಆ ಹನಿ ಬಿದ್ದರಂತೂ ಶಿಲೀಂಧ್ರಕ್ಕೆ ಗೊಬ್ಬರ ಹಾಕಿದಂತೆ.

ರೋಗವನ್ನು ಗುಣಪಡಿಸುವ ಮಾತ್ರೆಯೇ ಕಣ್ಣಿಗೆ ಎರವಾಗುವುದೂ ಇದೆ. ಕ್ಷಯಕ್ಕೆ ಕೊಡುವ ಎಥಾಂಬ್ಯುಟಾಲ್ ಕೆಲವರಲ್ಲಿ ದೃಷ್ಟಿನರವನ್ನು ಬಾಧಿಸುತ್ತದೆ. ಮೊದಲ ಸುಳಿವು ಬಣ್ಣಗಳಲ್ಲಿ. ಕೆಂಪು ಹಸಿರುಗಳ ಭೇದ ಮಾಸುತ್ತದೆ. ಆಗಲೇ ವೈದ್ಯರಿಗೆ ತಿಳಿಸಿದರೆ ಔಷಧಿ ಬದಲಿಸುತ್ತಾರೆ, ಬಹುಪಾಲು ಮಂದಿಗೆ ದೃಷ್ಟಿ ಮರಳುತ್ತದೆ. ತಾವಾಗಿಯೇ ಮಾತ್ರೆ ನಿಲ್ಲಿಸಿ ಮನೆಯಲ್ಲಿ ಕೂರುವುದು ಮಾತ್ರ ಇನ್ನೂ ದೊಡ್ಡ ಕೇಡು. ಸಂಧಿವಾತಕ್ಕೆ ವರ್ಷಾನುಗಟ್ಟಲೆ ಸೇವಿಸುವ ಹೈಡ್ರಾಕ್ಸಿಕ್ಲೋರೋಕ್ವಿನ್ ಅಕ್ಷಿಪಟಲದ ನಡುಭಾಗಕ್ಕೆ ಹಾನಿ ಮಾಡಬಲ್ಲದು. ಅದನ್ನು ಐದು ವರ್ಷ ಮೀರಿ ತೆಗೆದುಕೊಳ್ಳುವವರು ಪ್ರತಿ ವರ್ಷ ಕಣ್ಣು ತೋರಿಸಿಕೊಳ್ಳಬೇಕು. 2021ರ ಬೇಸಿಗೆಯ ನೆನಪು ಇನ್ನೂ ಹಸಿಯಾಗಿದೆ. ಕೋವಿಡ್‌ಗೆಂದು ಸ್ಟೀರಾಯ್ಡ್ ಪಡೆದ, ಸಕ್ಕರೆ ಹತೋಟಿ ತಪ್ಪಿದ ರೋಗಿಗಳಲ್ಲಿ ‘ಕಪ್ಪು ಶಿಲೀಂಧ್ರ’ ಮೂಗಿನಿಂದ ಕಣ್ಣುಗೂಡಿಗೆ ಹಬ್ಬಿತು. ಪ್ರಾಣ ಉಳಿಸಲು ಕಣ್ಣನ್ನೇ ತೆಗೆಯಬೇಕಾಗಿ ಬಂದ ಕುಟುಂಬಗಳು ಕರ್ನಾಟಕದಲ್ಲಿಯೂ ಇವೆ.

ನಮ್ಮ ಓದುಗರಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿಯನ್ನು ಬಲ್ಲವರು ಅನೇಕರಿದ್ದಾರೆ. ಕುಷ್ಠರೋಗಿಗಳ ಸೇವೆಗೆ ಮೀಸಲಾದ ಅಂತಹ ಕೇಂದ್ರಗಳಲ್ಲಿ ದುಡಿದ ಧರ್ಮಭಗಿನಿಯರಿಗೆ, ಗುರುಗಳಿಗೆ ದೇಹದ ಕಾಯಿಲೆ ಕಣ್ಣನ್ನು ಹೇಗೆ ಹಿಡಿಯುತ್ತದೆ ಎಂಬುದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಮುಖದ ನರ ಸೋತು ರೆಪ್ಪೆ ಮುಚ್ಚುವುದಿಲ್ಲ. ಕಾರ್ನಿಯಾದ ಸ್ಪರ್ಶಜ್ಞಾನ ಅಳಿದು ಧೂಳು ಬಿದ್ದರೂ ತಿಳಿಯುವುದಿಲ್ಲ. ಅರೆತೆರೆದ ಕಣ್ಣು ರಾತ್ರಿಯೆಲ್ಲ ಒಣಗಿ ಹುಣ್ಣಾಗುತ್ತದೆ. ಕೈಬೆರಳುಗಳ ಸ್ಪರ್ಶವನ್ನು ಮೊದಲೇ ಕಳೆದುಕೊಂಡವನಿಗೆ ಕಣ್ಣೂ ಹೋದರೆ ಜಗತ್ತಿನ ಎರಡು ಬಾಗಿಲೂ ಮುಚ್ಚಿದಂತೆ. ಬಹುಔಷಧ ಚಿಕಿತ್ಸೆ 1982ರಿಂದ ಬಂದ ಮೇಲೆ ಈ ದುರವಸ್ಥೆ ಅಪರೂಪವಾಯಿತು. ಆದರೂ ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆಯಿರುವವರು ಕಣ್ಣು ಮುಚ್ಚಲಾಗದೆ ನೀರು ಸುರಿಸುತ್ತಿದ್ದರೆ ಇಂದಿಗೂ ನೆನಪಿಸಿಕೊಳ್ಳಬೇಕಾದ ವಿಷಯ ಅದು.

ಹಸುಳೆಗಳ ಪಾಲಿಗೆ ಕರ್ನಾಟಕ ಮಾಡಿದ ಒಂದು ಕೆಲಸ ಹೊರದೇಶಗಳ ಗಮನವನ್ನೂ ಸೆಳೆದಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ ಅವು ದಾರಿತಪ್ಪಿ ಬೆಳೆದರೆ ಕೆಲವೇ ವಾರಗಳಲ್ಲಿ ಅಕ್ಷಿಪಟಲ ಕಳಚಿ ಮಗು ಶಾಶ್ವತವಾಗಿ ಕುರುಡಾಗುತ್ತದೆ. 34 ವಾರ ತುಂಬುವ ಮೊದಲೇ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಗಿದ ಮಗುವಿನ ಕಣ್ಣನ್ನು ಮೂವತ್ತು ದಿನಗಳೊಳಗೆ, ಬಹಳ ಚಿಕ್ಕ ಮಗುವಾದರೆ ಇನ್ನೂ ಮೊದಲೇ ತಜ್ಞರು ನೋಡಲೇಬೇಕು. ಆದರೆ ಆ ತಜ್ಞರು ಇದ್ದದ್ದು ನಗರಗಳಲ್ಲಿ, ಮಕ್ಕಳು ಹುಟ್ಟುತ್ತಿದ್ದದ್ದು ಜಿಲ್ಲೆಗಳಲ್ಲಿ. ಡಾ. ಭುಜಂಗ ಶೆಟ್ಟಿಯವರು ಸ್ಥಾಪಿಸಿದ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ‘ಕಿಡ್ರಾಪ್’ ಎಂಬ ಯೋಜನೆಯನ್ನು ಆರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿಟ್ಟುಕೊಂಡು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ, ಮಗುವಿನ ಅಕ್ಷಿಪಟಲದ ಚಿತ್ರ ತೆಗೆದು ಅಂತರಜಾಲದ ಮೂಲಕ ಕಳುಹಿಸಿದರು. ಬೆಂಗಳೂರಿನ ವೈದ್ಯರು ತಮ್ಮ ಕೈಫೋನಿನಲ್ಲಿಯೇ ಚಿತ್ರ ನೋಡಿ ತೀರ್ಪು ಹೇಳಿದರು. ಮೋದಿಯವರ ಶಿಬಿರದಲ್ಲಿ ವೈದ್ಯರೇ ಹಳ್ಳಿಗೆ ನಡೆದು ಬರುತ್ತಿದ್ದರು. ಇಲ್ಲಿ ಹಳ್ಳಿಯ ಮಗುವಿನ ಕಣ್ಣು ಚಿತ್ರವಾಗಿ ವೈದ್ಯರ ಬಳಿಗೆ ಹೋಯಿತು.

ಇದೇ ಬಗೆಯಲ್ಲಿ ಮಧುಮೇಹಿಗಳ ಅಕ್ಷಿಪಟಲದ ಚಿತ್ರ ತೆಗೆಯುವ, ಹೊತ್ತೊಯ್ಯಬಹುದಾದ ಕ್ಯಾಮೆರಾಗಳನ್ನು ಬೆಂಗಳೂರಿನ ಸಂಸ್ಥೆಗಳೇ ತಯಾರಿಸಿವೆ. ಚಿತ್ರವನ್ನು ಓದುವ ಕೆಲಸವನ್ನು ಗಣಕಯಂತ್ರಕ್ಕೆ ಕಲಿಸಬಹುದೆಂದು 2016ರಲ್ಲಿ ಗೂಗಲ್‌ನವರು ಪ್ರಕಟಿಸಿದ ಅಧ್ಯಯನ ತೋರಿಸಿತು. ಅದರಲ್ಲಿ ಭಾರತದ ಕಣ್ಣಾಸ್ಪತ್ರೆಗಳ ಚಿತ್ರಗಳೂ ಇದ್ದವು. ಯಂತ್ರದ ಜಾಣ್ಮೆಯ ಬಗ್ಗೆ ನನಗೆ ಸಂದೇಹವಿಲ್ಲ. ಸಂದೇಹವಿರುವುದು ‘ರೋಗವಿದೆ’ ಎಂಬ ಚೀಟಿ ಕೈಗೆ ಬಂದ ಮೇಲಿನ ದಾರಿಯ ಬಗ್ಗೆ. ಮಧುಮೇಹದ ಮಾತ್ರೆ ಹೋಬಳಿಯಲ್ಲಿ ದೊರೆಯುತ್ತದೆ. ಲೇಸರಿಗಾಗಿ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಮಾತ್ರೆ ಕೊಡುವ ಜಾಗದಲ್ಲಿಯೇ ವರ್ಷಕ್ಕೊಮ್ಮೆ ಕಣ್ಣಿನ ಚಿತ್ರ ತೆಗೆದು, ಬೇಕಾದವರನ್ನು ನಿಶ್ಚಿತ ದಿನಕ್ಕೆ ಒಟ್ಟಾಗಿ ಕರೆದೊಯ್ಯುವ ವ್ಯವಸ್ಥೆಯಾದರೆ ಹಣವೂ ಕಣ್ಣೂ ಉಳಿಯುತ್ತವೆ. ಊರಿನ ಸಂಘಗಳು, ಚರ್ಚಿನ ಯುವಜನರು, ಸ್ತ್ರೀಶಕ್ತಿ ಗುಂಪುಗಳು ರಕ್ತದಾನ ಶಿಬಿರ ನಡೆಸುವಷ್ಟೇ ಸುಲಭವಾಗಿ ಇದರಲ್ಲಿ ಕೈಜೋಡಿಸಬಹುದು. ಕನ್ನಡಕ ಹಂಚಿ ಭಾವಚಿತ್ರ ತೆಗೆಸಿಕೊಳ್ಳುವ ಶಿಬಿರಗಳು ಈಗಾಗಲೇ ಸಾಕಷ್ಟಿವೆ.

ನಮ್ಮ ಹಿರಿಯರ ಎಡಗಣ್ಣು ಈಗಲೂ ಚೆನ್ನಾಗಿದೆ. ಆರು ತಿಂಗಳಿಗೊಮ್ಮೆ ನಿಟ್ಟೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುತ್ತಾರೆ. ಕಳೆದ ವರ್ಷ ಅವರ ಮಡದಿಯ ರಕ್ತದಲ್ಲಿಯೂ ಸಕ್ಕರೆ ಕಾಣಿಸಿಕೊಂಡಿತು. “ನನಗೆ ಕಣ್ಣು ಸೊಗಸಾಗಿ ಕಾಣ್ತದೆ, ಸೂಜಿಗೆ ದಾರ ಪೋಣಿಸ್ತೀನಿ, ನಾನ್ಯಾಕೆ ಬರಲಿ” ಎಂದು ಆಕೆ ಹಟ ಹಿಡಿದರಂತೆ. ಇವರು ಮಾತಾಡದೆ ಎರಡು ಟಿಕೆಟ್ ತೆಗೆದರು. ಆಕೆಯ ಅಕ್ಷಿಪಟಲ ಶುದ್ಧವಾಗಿತ್ತು. ಮುಂದಿನ ವರ್ಷ ಇದೇ ತಿಂಗಳು ಬನ್ನಿರೆಂದು ವೈದ್ಯರು ಕಳುಹಿಸಿದರು. ಆ ದಿನಾಂಕವನ್ನು ಅವರು ಅಡುಗೆಮನೆಯ ಬಾಗಿಲಿನ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾರೆ, ಹಾಲಿನ ಲೆಕ್ಕದ ಪಕ್ಕದಲ್ಲಿ, ಒಂದೇ ಕಣ್ಣಿಗೂ ಕಾಣುವಷ್ಟು ದಪ್ಪಕ್ಷರಗಳಲ್ಲಿ.